ಖಾಲಿ ಜಾಗಕ್ಕೆಲ್ಲ ಸೈನಸ್ ಲಿಫ್ಟ್ ಬೇಕಿಲ್ಲ

ವೈಟ್‌ಫೀಲ್ಡಿನಿಂದ ಎಲೆಕ್ಟ್ರಾನಿಕ್ ಸಿಟಿಯವರೆಗೆ, ಅಲ್ಲಿಂದ ಊರನ್ನು ಸುತ್ತಿ ಪೀಣ್ಯದವರೆಗೆ, ಬೆಂಗಳೂರಿನ ಹಲ್ಲಿನ ಕ್ಲಿನಿಕ್ಕುಗಳಲ್ಲಿ ಈಗ ಒಂದು ಮಾತು ಬಲವಾಗಿ ಚಲಾವಣೆಯಲ್ಲಿದೆ. ಮೇಲ್ದವಡೆಯ ಹಿಂದಿನ ಹಲ್ಲು ಹೋಗಿದ್ದರೆ ಇಂಪ್ಲಾಂಟ್ ಹಾಕಿಸಲೇಬೇಕು. ಅಲ್ಲಿ ಮೂಳೆ ಸಾಲದಿದ್ದರೆ ಸೈನಸ್ ಲಿಫ್ಟ್ ಮಾಡಿಸಲೇಬೇಕು. ಅದು ಮಾಮೂಲಿ ಕೆಲಸ, ಹೆದರುವಂಥದ್ದೇನಿಲ್ಲ. ತಡ ಮಾಡಿದರೆ ಇದ್ದ ಮೂಳೆಯೂ ಕರಗಿಹೋಗುತ್ತದೆ. ಈ ನಾಲ್ಕೂ ವಾಕ್ಯ ಒಂದರ ಬೆನ್ನಿಗೊಂದು ಬರುತ್ತವೆ. ಪರದೆಯ ಮೇಲೆ ಇಡೀ ದವಡೆಯ ಓಪಿಜಿ ಎಕ್ಸ್‌ರೇ ತೆರೆದಿರುತ್ತದೆ. “ಸರ್, ನಿಮಗೆ ಮೇಲ್ಗಡೆ ಬೋನ್ ಸಾಲಲ್ಲ” ಎಂದು ಹೇಳಿ ಮುಗಿಸುವಷ್ಟರಲ್ಲಿ ಕಂತಿನ ಲೆಕ್ಕದ ಹಾಳೆ ಮುಂದೆ ಬಂದಿರುತ್ತದೆ. ಕೇಳಿಸಿಕೊಂಡವರು ಮನೆಯಲ್ಲೂ ಆಫೀಸಿನಲ್ಲೂ ಅದನ್ನೇ ಹೇಳುತ್ತಾರೆ. ಹೀಗೆ ಒಂದು ಚಿಕಿತ್ಸೆಯ ಸಲಹೆ ಊರಿನ ನಂಬಿಕೆಯಾಗಿ ಬೆಳೆದಿದೆ.

ಈ ನಂಬಿಕೆಯ ನಾಲ್ಕು ತುಂಡುಗಳೂ ತಪ್ಪು ಎಂಬುದು ನನ್ನ ವಾದ. ಸೈನಸ್ ಲಿಫ್ಟ್ ಕೆಟ್ಟ ಶಸ್ತ್ರಚಿಕಿತ್ಸೆ ಎಂದು ನಾನು ಹೇಳುವುದಿಲ್ಲ. ಬೇಕಾದವರಿಗೆ, ಪಳಗಿದ ಕೈಯಲ್ಲಿ, ಅದು ಒಳ್ಳೆಯ ಫಲ ಕೊಡುತ್ತದೆ. ಆದರೆ ಅದು ಸರದಿಯಲ್ಲಿ ಕೊನೆಗೆ ನಿಲ್ಲಬೇಕಾದ ಚಿಕಿತ್ಸೆ. ನಮ್ಮ ಈ ಕೈಗಾರಿಕಾ ಪಟ್ಟಿಗಳಲ್ಲಿ ಅದನ್ನು ಮೊದಲನೆಯದಾಗಿ ಮುಂದಿಡಲಾಗುತ್ತಿದೆ. ಇದಕ್ಕೆ ಜನ ದುಡ್ಡಿನಲ್ಲೂ ಆರೋಗ್ಯದಲ್ಲೂ ಬೆಲೆ ತೆರುತ್ತಿದ್ದಾರೆ.

ಮೊದಲು ಆ ಜಾಗದ ವಿಚಾರ. ಮೂಗಿನ ಎರಡೂ ಪಕ್ಕ, ಮೇಲ್ದವಡೆಯ ಮೂಳೆಯೊಳಗೆ, ಗಾಳಿ ತುಂಬಿದ ಒಂದೊಂದು ಪೊಳ್ಳಿದೆ, ಅದೇ ಸೈನಸ್. ದೊಡ್ಡವರಲ್ಲಿ ಸುಮಾರು 12ರಿಂದ 15 ಮಿಲಿಲೀಟರ್ ಹಿಡಿಯುವಷ್ಟು ಅದರ ಗಾತ್ರ. ಇಂಗ್ಲೆಂಡಿನ ವೈದ್ಯ ನಥಾನಿಯಲ್ ಹೈಮೋರ್ 1651ರಲ್ಲಿ ಇದನ್ನು ವಿವರವಾಗಿ ದಾಖಲಿಸಿದ. ಮೇಲಿನ ದವಡೆಹಲ್ಲುಗಳ ಬೇರು ಈ ಪೊಳ್ಳಿನ ತಳಕ್ಕೆ ತೀರ ಹತ್ತಿರ ಇರುತ್ತದೆ. ಕೆಲವರಲ್ಲಿ ಬೇರಿನ ತುದಿಗೂ ಸೈನಸ್ಸಿಗೂ ನಡುವೆ ಮೂಳೆಯ ತೆಳುಪದರ ಬಿಟ್ಟರೆ ಬೇರೇನೂ ಇಲ್ಲ. ಹಲ್ಲು ಕಿತ್ತ ಮೇಲೆ ದವಡೆಯ ಏಣು ಕೆಳಗಿನಿಂದ ಸವೆಯುತ್ತದೆ, ಸೈನಸ್ಸಿನ ತಳ ಮೇಲಿನಿಂದ ಇಳಿಯುತ್ತದೆ. ನಡುವೆ ಉಳಿಯುವ ಮೂಳೆಯ ಎತ್ತರ ಎಷ್ಟೋ ಜನರಲ್ಲಿ ನಾಲ್ಕೈದು ಮಿಲಿಮೀಟರಿಗೆ ಬಂದುಬಿಡುತ್ತದೆ.

ಅಲ್ಲಿಗೆ ಮೂಳೆ ತುಂಬುವ ದಾರಿಯನ್ನು, ಅಂದರೆ ಸೈನಸ್ ಲಿಫ್ಟನ್ನು, ಅಮೆರಿಕದ ಅಲಬಾಮಾದಲ್ಲಿ ಹಿಲ್ಟ್ ಟೇಟಮ್ 1970ರ ದಶಕದ ನಡುವಿನಲ್ಲಿ ಕಂಡುಕೊಂಡರು. ಸೊಂಟದ ಮೂಳೆಯ ಮಜ್ಜೆ ತೆಗೆದು ಸೈನಸ್ಸಿನ ತಳಕ್ಕೆ ತುಂಬಿದ ಪ್ರಕರಣಗಳನ್ನು ಬೊಯ್ನ್ ಮತ್ತು ಜೇಮ್ಸ್ 1980ರಲ್ಲಿ ಪ್ರಕಟಿಸಿದರು. ಅಂದಿನಿಂದ ವಿಧಾನದ ಮುಖ್ಯ ಹೆಜ್ಜೆಗಳು ಹೆಚ್ಚು ಬದಲಾಗಿಲ್ಲ. ವಸಡು ಬಿಡಿಸಿ, ದವಡೆಯ ಪಕ್ಕದ ಗೋಡೆಯಲ್ಲಿ ಕಿಟಕಿ ಕೊರೆದು, ಸೈನಸ್ಸಿನ ಒಳಪೊರೆಯನ್ನು ಹರಿಯದಂತೆ ಮೂಳೆಯಿಂದ ಬಿಡಿಸಿ ಮೇಲೆತ್ತಬೇಕು. ಎತ್ತಿದಾಗ ಆಗುವ ಜಾಗಕ್ಕೆ ಮೂಳೆಪುಡಿ ತುಂಬಿ ಹೊಲಿಗೆ ಹಾಕಬೇಕು. ಆರರಿಂದ ಒಂಬತ್ತು ತಿಂಗಳು ಕಾದು ಇಂಪ್ಲಾಂಟ್ ಕೂರಿಸಬೇಕು. ಇರುವ ಮೂಳೆ ಸ್ವಲ್ಪ ಹೆಚ್ಚಿದ್ದರೆ ಎರಡನ್ನೂ ಒಟ್ಟಿಗೇ ಮಾಡುವುದುಂಟು. 1994ರಲ್ಲಿ ಸಮರ್ಸ್ ಎಂಬವರು ಇನ್ನೊಂದು ದಾರಿ ತೋರಿಸಿದರು. ಹಲ್ಲಿದ್ದ ಜಾಗದಿಂದಲೇ ಉಳಿಯಂಥ ಉಪಕರಣ ಇಟ್ಟು, ಮೆಲ್ಲಗೆ ತಟ್ಟುತ್ತ ತಳವನ್ನು ಕೆಲವು ಮಿಲಿಮೀಟರ್ ಮೇಲಕ್ಕೆ ಸರಿಸುವ ವಿಧಾನ ಅದು.

ಇದನ್ನು ಮಾಮೂಲಿ ಎನ್ನುವುದಕ್ಕೆ ನನ್ನ ಮೊದಲ ತಕರಾರು. ಆರೋಗ್ಯವಂತರಲ್ಲಿ ಆ ಪೊರೆಯ ದಪ್ಪ ಒಂದು ಮಿಲಿಮೀಟರಿಗೂ ಕಡಿಮೆ. ಕಲಿಯುವ ದಂತವೈದ್ಯರಿಗೆ ಹಸಿ ಮೊಟ್ಟೆ ಕೊಟ್ಟು, ಚಿಪ್ಪು ಕೊರೆದು ಒಳಪೊರೆ ಉಳಿಸುವ ಅಭ್ಯಾಸ ಮಾಡಿಸುತ್ತಾರೆ. ಎಷ್ಟು ಪಳಗಿದರೂ ಅದು ಹರಿಯುತ್ತದೆ. ಪ್ರಕಟವಾದ ಅಧ್ಯಯನಗಳನ್ನೆಲ್ಲ ಒಟ್ಟುಹಾಕಿ 2008ರಲ್ಲಿ ಮಾಡಿದ ಪರಿಶೀಲನೆಯಲ್ಲಿ, ಪಕ್ಕದ ಕಿಟಕಿಯ ವಿಧಾನದಲ್ಲಿ ಸರಾಸರಿ ಐದಕ್ಕೆ ಒಂದು ಪ್ರಕರಣದಲ್ಲಿ ಪೊರೆ ಹರಿದಿತ್ತು. ಸಣ್ಣ ಹರಕಾದರೆ ಕೊಲಾಜನ್ ಪೊರೆಯ ತೇಪೆ ಹಾಕಿ ಮುಂದುವರಿಯುತ್ತಾರೆ. ದೊಡ್ಡದಾದರೆ ಹಾಗೇ ಮುಚ್ಚಿ, ತಿಂಗಳುಗಟ್ಟಲೆ ಬಿಟ್ಟು, ಮತ್ತೆ ಮೊದಲಿನಿಂದ ಶುರು ಮಾಡಬೇಕು. ಗೋಡೆಯಲ್ಲಿ ಹಾದುಹೋಗುವ ರಕ್ತನಾಳ ಕತ್ತರಿಸಿದರೆ ರಕ್ತ ನಿಲ್ಲಿಸುವುದು ಸುಲಭವಲ್ಲ. ತಟ್ಟುವ ವಿಧಾನದಲ್ಲಿ ಕಿವಿಯೊಳಗಿನ ಸಮತೋಲನ ಕೆಟ್ಟು ಕೆಲವರಿಗೆ ವಾರಗಟ್ಟಲೆ ತಲೆ ಸುತ್ತುತ್ತದೆ. ಪುಡಿಗೆ ಸೋಂಕು ತಗಲಿದರೆ ಇಡೀ ಸೈನಸ್ ಕೀವು ಕಟ್ಟುತ್ತದೆ. ಇಂಪ್ಲಾಂಟೇ ಜಾರಿ ಪೊಳ್ಳಿನೊಳಗೆ ಬಿದ್ದ ಪ್ರಕರಣಗಳೂ ವೈದ್ಯಸಾಹಿತ್ಯದಲ್ಲಿ ದಾಖಲಾಗಿವೆ. ಇವುಗಳಲ್ಲಿ ಹೆಚ್ಚಿನವು ವಾಸಿಯಾಗುತ್ತವೆ, ನಿಜ. ಆದರೆ ಐದಕ್ಕೆ ಒಂದು ಸಲ ಎಡವುವ ಕೆಲಸವನ್ನು ಮಾಮೂಲಿ ಎಂದು ರೋಗಿಗೆ ಹೇಳುವ ಹಕ್ಕು ಯಾರಿಗೂ ಇಲ್ಲ.

ಆಮೇಲಿನ ಪಥ್ಯ ನೋಡಿ. ಎರಡು ವಾರವಾದರೂ ಮೂಗು ಸೀದುವಂತಿಲ್ಲ. ಸೀನು ಬಂದರೆ ಬಾಯಿ ತೆರೆದೇ ಸೀನಬೇಕು. ಸ್ಟ್ರಾ ಹಾಕಿ ಎಳನೀರು ಕುಡಿಯುವಂತಿಲ್ಲ, ಭಾರ ಎತ್ತುವಂತಿಲ್ಲ, ಬಗ್ಗಿ ಕೆಲಸ ಮಾಡುವಂತಿಲ್ಲ, ವಿಮಾನ ಹತ್ತುವಂತಿಲ್ಲ, ಸಿಗರೇಟು ಮುಟ್ಟುವಂತಿಲ್ಲ. ಈ ಪಟ್ಟಿಯನ್ನು ಹಿಡಿದು ಪೀಣ್ಯದ ಒಂದು ಶೆಡ್ಡಿಗೆ ಹೋಗಿ. ಗ್ರೈಂಡಿಂಗ್ ಮಾಡುವವನ ಮುಖದ ಮುಂದೆ ಲೋಹದ ಪುಡಿ, ಪೌಡರ್ ಕೋಟಿಂಗ್ ಬೂತಿನಲ್ಲಿ ಬಣ್ಣದ ಹುಡಿ, ಎಲೆಕ್ಟ್ರೋಪ್ಲೇಟಿಂಗ್ ತೊಟ್ಟಿಯ ಪಕ್ಕ ಆಮ್ಲದ ಹಬೆ, ಗಾರ್ಮೆಂಟ್ಸಿನಲ್ಲಿ ಹತ್ತಿಯ ನವಿರು. ಇಲ್ಲಿ ಮೂಗು ಸೀದದೆ, ಬಾಯಿ ತೆರೆದೇ ಸೀನುತ್ತ ಎರಡು ವಾರ ಕೆಲಸ ಮಾಡಿ ಎನ್ನುವುದು ಎಂಥ ಸಲಹೆ? ಗುತ್ತಿಗೆ ಕೆಲಸದವನಿಗೆ ಎರಡು ವಾರ ರಜೆ ಎಂದರೆ ಎರಡು ವಾರದ ಕೂಲಿ ಇಲ್ಲ. ಮಹದೇವಪುರ, ವರ್ತೂರು, ಕಾಡುಗೋಡಿ ಕಡೆಯ ಸಾಫ್ಟ್‌ವೇರ್ ಜನರ ಸ್ಥಿತಿಯೂ ಬಹಳ ಬೇರೆಯಲ್ಲ. ಕಟ್ಟಡ ಕೆಲಸದ ಧೂಳು, ಕಾಂಗ್ರೆಸ್ ಗಿಡದ ಪರಾಗ, ಹಗಲಿರುಳು ಎಸಿ. ಬೆಂಗಳೂರಿಗೆ ಬಂದ ಒಂದೆರಡು ವರ್ಷದಲ್ಲಿ ಮೂಗು ಕಟ್ಟುವ ಅಲರ್ಜಿ ಹಿಡಿದವರು ಪ್ರತಿ ಟೀಮಿನಲ್ಲೂ ಇದ್ದಾರೆ. ಸೈನಸ್ಸಿನ ಬಾಯಿ ಕಟ್ಟಿಕೊಂಡಿದ್ದರೆ, ಪೊರೆ ಊದಿಕೊಂಡಿದ್ದರೆ, ಮೊದಲು ಕಿವಿ-ಮೂಗು-ಗಂಟಲು ತಜ್ಞರನ್ನು ಕಾಣಬೇಕು. ಎಷ್ಟು ಕ್ಲಿನಿಕ್ಕುಗಳು ಆ ಚೀಟಿ ಬರೆದುಕೊಡುತ್ತವೆ?

ಇನ್ನು, ಮೂಳೆ ಸಾಲದಿದ್ದರೆ ಬೇರೆ ದಾರಿಯೇ ಇಲ್ಲ ಎಂಬ ಮಾತು. ಸ್ವೀಡನ್ನಿನ ಗೋಟೆನ್‌ಬರ್ಗಿನಲ್ಲಿ ಬ್ರೋನೆಮಾರ್ಕ್ 1965ರಲ್ಲಿ ಮೊದಲ ರೋಗಿಗೆ ಟೈಟೇನಿಯಂ ಸ್ಕ್ರೂವನ್ನು, ಅಂದರೆ ಇಂಪ್ಲಾಂಟನ್ನು, ಕೂರಿಸಿದಾಗ ಅದರ ಮೈ ನುಣುಪಾಗಿತ್ತು. ಆ ಕಾಲದ ಸ್ಕ್ರೂಗಳು ಹಿಡಿದು ನಿಲ್ಲಲು ಉದ್ದ ಬೇಕಿತ್ತು. ಕನಿಷ್ಠ 10 ಮಿಲಿಮೀಟರ್ ಎಂಬ ನಿಯಮ ಹುಟ್ಟಿದ್ದು ಅಲ್ಲಿ. ಆಮೇಲೆ ಸ್ಕ್ರೂಗಳ ಮೈಯನ್ನು ಒರಟು ಮಾಡುವ ತಂತ್ರ ಬಂತು, ಮೂಳೆ ಅದಕ್ಕೆ ಇನ್ನೂ ಬಿಗಿಯಾಗಿ ಕೂಡಿಕೊಳ್ಳತೊಡಗಿತು, ಆರೆಂಟು ಮಿಲಿಮೀಟರಿನ ಗಿಡ್ಡ ಇಂಪ್ಲಾಂಟುಗಳು ಬಂದವು. ವೈದ್ಯಕೀಯ ಪುರಾವೆಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆಯ 2014ರ ಪರಿಶೀಲನೆ ಈ ಪ್ರಶ್ನೆಯನ್ನೇ ಎತ್ತಿಕೊಂಡಿತ್ತು. ನಾಲ್ಕರಿಂದ ಒಂಬತ್ತು ಮಿಲಿಮೀಟರ್ ಮೂಳೆ ಉಳಿದಿರುವವರಲ್ಲಿ, ಸೈನಸ್ ಲಿಫ್ಟ್ ಮಾಡಿ ಉದ್ದ ಇಂಪ್ಲಾಂಟ್ ಹಾಕುವುದು ಗಿಡ್ಡ ಇಂಪ್ಲಾಂಟಿಗಿಂತ ಮೇಲು ಎನ್ನಲು ಸಾಕಷ್ಟು ಪುರಾವೆ ಇಲ್ಲ, ತೊಡಕುಗಳು ಮಾತ್ರ ಸೈನಸ್ ಲಿಫ್ಟ್ ಮಾಡಿದ ಕಡೆ ಹೆಚ್ಚು ಎಂಬುದು ಅದರ ತೀರ್ಮಾನ. ಅದರ ಹೋಲಿಕೆ ಹಲ್ಲು ಕೂರಿಸಿದ ಮೇಲಿನ ಒಂದು ವರ್ಷದವರೆಗಿನದು. ಆಮೇಲಿನ ವರ್ಷಗಳ ಕೆಲವು ವಿಶ್ಲೇಷಣೆಗಳಲ್ಲಿ 6 ಮಿಲಿಮೀಟರಿನವು ಉದ್ದದವಕ್ಕಿಂತ ಸ್ವಲ್ಪ ಹಿಂದೆ ಬಿದ್ದದ್ದುಂಟು. ಅದನ್ನೂ ರೋಗಿಗೆ ಹೇಳಲಿ, ಆರು ತಿಂಗಳ ಕಾಯುವಿಕೆ, ಹೆಚ್ಚಿನ ಖರ್ಚು, ಪೊರೆ ಹರಿಯುವ ಅಪಾಯ ಇವನ್ನೂ ಪಕ್ಕದಲ್ಲಿಟ್ಟು ಹೇಳಲಿ. ನಿರ್ಧಾರ ಅವರದಾಗಿರಲಿ. ಐದಾರು ಮಿಲಿಮೀಟರ್ ಮೂಳೆ ಇರುವವರಿಗೂ “ಲಿಫ್ಟ್ ಮಾಡದೆ ಆಗೋದೇ ಇಲ್ಲ” ಎನ್ನುವುದು ಇವತ್ತಿನ ತಿಳಿವಳಿಕೆಗೆ ಹೊಂದದ ಮಾತು.

ಇಂಪ್ಲಾಂಟನ್ನೇ ಬಿಟ್ಟು ಯೋಚಿಸುವ ದಾರಿಗಳೂ ಇವೆ. ಖಾಲಿ ಜಾಗದ ಹಿಂದೆ ಇನ್ನೊಂದು ಗಟ್ಟಿ ಹಲ್ಲು ಇದ್ದು, ಅಕ್ಕಪಕ್ಕದ ಹಲ್ಲುಗಳಿಗೆ ಈಗಾಗಲೇ ದೊಡ್ಡ ಸಿಮೆಂಟೋ ಕ್ಯಾಪೋ ಆಗಿದ್ದರೆ, ಬ್ರಿಡ್ಜ್ ಒಳ್ಳೆಯ ಚಿಕಿತ್ಸೆ. ಒಳ್ಳೆಯ ಹಲ್ಲನ್ನು ಅರೆಯಬೇಕಾಗುತ್ತದೆ ಎಂಬ ಆಕ್ಷೇಪ ಅರೆಯದ, ಆರೋಗ್ಯವಾದ ಹಲ್ಲುಗಳಿಗೆ ಮಾತ್ರ ಸಲ್ಲುತ್ತದೆ. ತೆಗೆದು ಹಾಕುವ ಹಲ್ಲು ಎಂದರೆ ಮುದುಕರದ್ದು ಎಂದು ಮೂಗು ಮುರಿಯುವವರಿದ್ದಾರೆ. ಲೋಹದ ತೆಳು ಚೌಕಟ್ಟಿನಲ್ಲಿ ಸರಿಯಾಗಿ ಅಚ್ಚು ಹೊಯ್ದು ಮಾಡಿದ್ದು ವರ್ಷಗಟ್ಟಲೆ ಬಾಳುತ್ತದೆ. ಹಿಂದಿನ ಹಲ್ಲಿಲ್ಲದೆ ನಿಜಕ್ಕೂ ಊಟಕ್ಕೆ ತೊಂದರೆಯಿದೆಯೇ ಎಂದು ತಿಳಿಯಲು, ಮೂಳೆ ಕೊರೆಯುವ ಮೊದಲು, ಅದಕ್ಕಿಂತ ಕಡಿಮೆ ಖರ್ಚಿನ ಪರೀಕ್ಷೆ ಬೇರೊಂದಿಲ್ಲ.

ಎಲ್ಲಕ್ಕಿಂತ ಕೆಳಗೆ, ಯಾರೂ ಪ್ರಶ್ನಿಸದೆ ಬಿಟ್ಟಿರುವ ನಂಬಿಕೆ ಒಂದಿದೆ: ಹೋದ ಹಲ್ಲನ್ನೆಲ್ಲ ತುಂಬಿಸಲೇಬೇಕು ಎಂಬುದು. ನೆದರ್ಲೆಂಡ್ಸಿನ ನಿಮೆಗೆನ್ ವಿಶ್ವವಿದ್ಯಾಲಯದ ದಂತವೈದ್ಯ ಕೈಸರ್ 1981ರಲ್ಲೇ ಇದನ್ನು ಕೆದಕಿ ನೋಡಿದರು. ಮುಂದಿನ ಹಲ್ಲುಗಳು ಮತ್ತು ಕೋರೆಹಲ್ಲಿನ ಹಿಂದಿರುವ ಮುಂದವಡೆ ಹಲ್ಲುಗಳು ಮೇಲೆ ಕೆಳಗೆ ಜೋಡಿಯಾಗಿ ಕೂಡುತ್ತಿದ್ದರೆ, ಹಿಂದಿನ ದವಡೆಹಲ್ಲುಗಳಿಲ್ಲದೆಯೂ ಹೆಚ್ಚಿನವರು ಚೆನ್ನಾಗಿಯೇ ಉಣ್ಣುತ್ತಾರೆ ಎಂದು ಅವರು ಕಂಡರು. ವಿಶ್ವ ಆರೋಗ್ಯ ಸಂಸ್ಥೆ 1992ರಲ್ಲಿ ಜೀವನಪೂರ್ತಿ ಉಳಿಸಿಕೊಳ್ಳಬೇಕಾದ ಗುರಿ ಎಂದು ಹೇಳಿದ್ದು ಕನಿಷ್ಠ 20 ಸ್ವಂತ ಹಲ್ಲು, ಕೃತಕ ಹಲ್ಲಿನ ಅಗತ್ಯವಿಲ್ಲದೆ. ಕ್ಲಿನಿಕ್ಕಿನ ಲೆಕ್ಕದಲ್ಲಿರುವ 28 ಅದರಲ್ಲಿಲ್ಲ. ಜರ್ಮನಿಯ ಹಲವು ವಿಶ್ವವಿದ್ಯಾಲಯಗಳು ಸೇರಿ ಎರಡು ಗುಂಪುಗಳನ್ನು ಹತ್ತು ವರ್ಷ ಹಿಂಬಾಲಿಸಿದವು. ಒಂದು ಗುಂಪಿಗೆ ದವಡೆಹಲ್ಲುಗಳ ಬದಲಿಗೆ ತೆಗೆದು ಹಾಕುವ ಹಲ್ಲು ಕೊಟ್ಟರು, ಇನ್ನೊಂದಕ್ಕೆ ಮುಂದವಡೆಯವರೆಗೆ ಮಾತ್ರ ಸಾಲು ಸರಿಮಾಡಿ ಹಿಂದಿನದನ್ನು ಹಾಗೇ ಬಿಟ್ಟರು. ಉಳಿದ ಹಲ್ಲು ಕಳೆದುಕೊಳ್ಳುವುದರಲ್ಲಿ ಎರಡೂ ಗುಂಪಿನ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ.

ಅವರ ಊಟ ಬೇರೆ, ನಮ್ಮದು ಬೇರೆ ಎನ್ನುವವರಿದ್ದಾರೆ. ಮಾತಿನಲ್ಲಿ ಹುರುಳಿದೆ, ಅದಕ್ಕೇ ಉತ್ತರ ಕೊಡಬೇಕು. ರಾಗಿಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಅನ್ನ ಸಾರಿಗೂ ಇಡ್ಲಿಗೂ ಮುಂದವಡೆ ಹಲ್ಲು ಸಾಕು. ಕಟಕು ಜೋಳದ ರೊಟ್ಟಿ, ಹುರಿಗಾಳು, ಕೋಡುಬಳೆ, ಬಲಿತ ಕುರಿಮಾಂಸ ಇವಕ್ಕೆ ಹಿಂದಿನ ಹಲ್ಲಿನ ನೆರವು ಬೇಕೆನಿಸಬಹುದು. ಗಟ್ಟಿ ಆಹಾರ ತಿನ್ನುವ ಟಾಂಜಾನಿಯಾದಲ್ಲಿ ಇದೇ ನಿಮೆಗೆನ್ ಪರಂಪರೆಯ ಸಂಶೋಧಕರು ಸ್ಥಳೀಯ ವೈದ್ಯರ ಜೊತೆ ನೋಡಿದ್ದಾರೆ. ಮುಂದವಡೆ ಜೋಡಿಗಳು ಪೂರ್ತಿಯಾಗಿದ್ದು, ಒಂದು ಜೋಡಿ ದವಡೆಹಲ್ಲಾದರೂ ಕೂಡುತ್ತಿದ್ದವರಿಗೆ ಅಗಿಯಲು ತೊಂದರೆಯಿರಲಿಲ್ಲ. ಮುಂದವಡೆಗಳೂ ಹೋದವರಿಗೆ ಮಾತ್ರ ಕಷ್ಟ ಎದ್ದು ಕಂಡಿತು. ಚಿಕಿತ್ಸೆ ಯಾರಿಗೆ ಬೇಕು, ಯಾರಿಗೆ ಬೇಡ ಎಂಬ ಗೆರೆ ಇಲ್ಲಿದೆ. ಎಡಭಾಗದಲ್ಲಿ ಎಲ್ಲ ಹಲ್ಲೂ ಗಟ್ಟಿಯಾಗಿದ್ದು ಬಲಭಾಗದಲ್ಲಿ ಮೇಲಿನ ಒಂದೇ ಒಂದು ಹಲ್ಲು ಇಲ್ಲದವರಿಗೆ, ಊಟಕ್ಕೂ ನಗುವಿಗೂ ಅಡ್ಡಿಯಿಲ್ಲದವರಿಗೆ, ಏನೂ ಮಾಡದಿರುವುದು ಒಂದು ಗೌರವದ ಆಯ್ಕೆ. ಅದನ್ನು ಆಯ್ಕೆಯೆಂದು ರೋಗಿಯ ಮುಂದಿಡದ ವೈದ್ಯರು ತಮ್ಮ ಕೆಲಸವನ್ನು ಪೂರ್ತಿ ಮಾಡಿಲ್ಲ.

ಹಾಗೇ ಬಿಟ್ಟರೆ ಎದುರಿನ ಹಲ್ಲು ಬೆಳೆದು ಬರುತ್ತದೆ, ಸಾಲೆಲ್ಲ ಓರೆಯಾಗುತ್ತದೆ ಎಂದು ಹೆದರಿಸುತ್ತಾರೆ. ಎದುರು ಜೋಡಿಯಿಲ್ಲದ ದವಡೆಹಲ್ಲು ಸ್ವಲ್ಪ ಸರಿಯುವುದು ನಿಜ. ಆದರೆ ವರ್ಷಗಟ್ಟಲೆ ಜೋಡಿಯಿಲ್ಲದೆ ಉಳಿದ ಹಲ್ಲುಗಳನ್ನು ಅಳೆದು ನೋಡಿದಾಗ, ಬಹುಪಾಲಿನಲ್ಲಿ ಸರಿದ ದೂರ 2 ಮಿಲಿಮೀಟರಿನ ಒಳಗೇ ಇತ್ತು. ಆರು ತಿಂಗಳಿಗೊಮ್ಮೆ ನೋಡುತ್ತಿದ್ದರೆ ಸಾಕಾಗುವ ಸಂಗತಿಯನ್ನು ತುರ್ತುಸ್ಥಿತಿಯಂತೆ ಬಣ್ಣಿಸಬಾರದು.

ಮೂಳೆ ಕರಗಿಹೋಗುತ್ತದೆ, ಇವತ್ತೇ ನಿರ್ಧರಿಸಿ ಎಂಬ ಮಾತಂತೂ ನನಗೆ ಸಿಟ್ಟು ತರಿಸುತ್ತದೆ. ಹಲ್ಲು ಕಿತ್ತ ಜಾಗದಲ್ಲಿ ಮೂಳೆ ಸವೆಯುವುದು ಹೆಚ್ಚಾಗಿ ಮೊದಲ ವರ್ಷದಲ್ಲಿ. 2003ರ ಡೆನ್ಮಾರ್ಕಿನ ಅಧ್ಯಯನವೊಂದರಲ್ಲಿ ಹನ್ನೆರಡು ತಿಂಗಳಲ್ಲಿ ಏಣಿನ ಅಗಲ ಅರ್ಧಕ್ಕೆ ಇಳಿದಿತ್ತು, ಅದರಲ್ಲಿ ಮೂರನೇ ಎರಡು ಪಾಲು ಮೊದಲ ಮೂರೇ ತಿಂಗಳಲ್ಲಿ ಆಗಿತ್ತು. ಆಮೇಲೆ ಸವೆತ ನಿಧಾನ. ಐದು ವರ್ಷದ ಹಿಂದೆ ಹಲ್ಲು ಕೀಳಿಸಿಕೊಂಡವರಿಗೆ ಈ ತಿಂಗಳಿಗೂ ಮುಂದಿನ ತಿಂಗಳಿಗೂ ಇರುವ ವ್ಯತ್ಯಾಸ ನಗಣ್ಯ. ಅವರು ಮನೆಗೆ ಹೋಗಿ ಯೋಚಿಸಬಹುದು, ಇನ್ನೊಬ್ಬ ವೈದ್ಯರನ್ನು ಕಾಣಬಹುದು, ಮಗಳ ಫೀಸು ಕಟ್ಟಿದ ಮೇಲೆ ನೋಡೋಣ ಎನ್ನಬಹುದು. ಮೂಳೆಯ ಆತುರ ತೋರಿಸಿ ಅಂದೇ ಮುಂಗಡ ಕಟ್ಟಿಸಿಕೊಳ್ಳುವುದು ವೈದ್ಯಧರ್ಮವಲ್ಲ.

ತುಂಬುವ ಪುಡಿ ಎಲ್ಲಿಂದ ಬಂತು ಎಂಬುದನ್ನೂ ಎಷ್ಟೋ ಕಡೆ ಹೇಳುವುದಿಲ್ಲ. ಹೆಚ್ಚು ಬಳಕೆಯಲ್ಲಿರುವುದು ದನದ ಮೂಳೆಯನ್ನು ಸಂಸ್ಕರಿಸಿ ಮಾಡಿದ ಪುಡಿ. ಕಿಟಕಿ ಮುಚ್ಚುವ ಕೊಲಾಜನ್ ಪೊರೆಗಳಲ್ಲಿ ಕೆಲವು ಹಂದಿಯ ಮೂಲದವು. ದಾನಿಗಳಿಂದ ಪಡೆದ ಮನುಷ್ಯರ ಮೂಳೆಯ ಪುಡಿಯೂ ಇದೆ, ಪ್ರಯೋಗಾಲಯದಲ್ಲಿ ಮಾಡಿದ ಕ್ಯಾಲ್ಸಿಯಂ ಫಾಸ್ಫೇಟಿನ ಪುಡಿಯೂ ಇದೆ. ಸುರಕ್ಷತೆಯ ದೃಷ್ಟಿಯಿಂದ ಇವುಗಳಲ್ಲಿ ದೋಷ ಹುಡುಕುವುದು ನನ್ನ ಉದ್ದೇಶವಲ್ಲ. ಆದರೆ ಶುದ್ಧ ಸಸ್ಯಾಹಾರದ ಮನೆಯವರಿಗೂ ಮುಸ್ಲಿಮರಿಗೂ ಲಿಂಗಾಯತರಿಗೂ ಜೈನರಿಗೂ ತಮ್ಮ ದೇಹದೊಳಗೆ ಉಳಿಯುವ ವಸ್ತು ಯಾವುದೆಂದು ತಿಳಿಯುವ ಹಕ್ಕಿದೆ, ಬೇಡವೆನ್ನುವ ಹಕ್ಕೂ ಇದೆ. ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ ಇದನ್ನು ಸ್ಪಷ್ಟಪಡಿಸಿದೆ. ಚಿಕಿತ್ಸೆಯ ಸ್ವರೂಪ, ಪರ್ಯಾಯಗಳು, ಮುಖ್ಯ ಅಪಾಯಗಳು, ಚಿಕಿತ್ಸೆ ಬೇಡವೆಂದರೆ ಏನಾಗುತ್ತದೆ ಎಂಬುದನ್ನೆಲ್ಲ ತಿಳಿಸಿದ ಮೇಲೆ ಪಡೆದ ಒಪ್ಪಿಗೆ ಮಾತ್ರ ಒಪ್ಪಿಗೆ. ಇಂಗ್ಲಿಷಿನಲ್ಲಿ ಅಚ್ಚಾದ ಫಾರಮ್ಮಿನ ಕೆಳಗೆ ಯಾದಗಿರಿಯಿಂದಲೋ ಕೂಡ್ಲಿಗಿಯಿಂದಲೋ ಬಂದ ಕಾರ್ಮಿಕನ ಸಹಿ ಹಾಕಿಸಿಕೊಂಡರೆ ಅದು ನೆರವೇರುವುದಿಲ್ಲ.

ಒಳ್ಳೆಯ ದಂತವೈದ್ಯರು ನನ್ನ ಮೇಲೆ ಒಂದು ಆಕ್ಷೇಪ ತರುತ್ತಾರೆ, ಅದಕ್ಕೆ ಗೌರವದಿಂದ ಉತ್ತರಿಸಬೇಕು. ಒರಟು ಮೈಯ ಇಂಪ್ಲಾಂಟ್ ಬಳಸಿದಾಗ ಸೈನಸ್ ಲಿಫ್ಟ್ ಮಾಡಿದ ಜಾಗದಲ್ಲೂ ನೂರಕ್ಕೆ ತೊಂಬತ್ತೈದಕ್ಕಿಂತ ಹೆಚ್ಚು ಉಳಿಯುತ್ತವೆ, ಮತ್ತೇಕೆ ಹೆದರಿಸುತ್ತೀರಿ ಎನ್ನುತ್ತಾರೆ. ಅಂಕಿ ಸರಿ. ಆದರೆ ಆ ಅಂಕಿಯ ಹೆಚ್ಚಿನ ಪಾಲು ಬಂದದ್ದು ವಿಶ್ವವಿದ್ಯಾಲಯಗಳಿಂದ, ಪಳಗಿದ ತಂಡಗಳಿಂದ, ಆರಿಸಿ ತೆಗೆದುಕೊಂಡ ರೋಗಿಗಳಿಂದ. ನಮ್ಮಲ್ಲಿ ದಂತವೈದ್ಯಕೀಯ ಮಂಡಳಿ ಮಾನ್ಯ ಮಾಡಿದ ಎಂಡಿಎಸ್ ಸ್ನಾತಕೋತ್ತರ ಪದವಿಯ ಶಾಖೆಗಳು ಒಂಬತ್ತು, ಅವುಗಳಲ್ಲಿ ಇಂಪ್ಲಾಂಟ್ ಎಂಬ ಪ್ರತ್ಯೇಕ ಶಾಖೆಯಿಲ್ಲ. ವಾರಾಂತ್ಯದ ಕೋರ್ಸು ಮುಗಿಸಿದವರೂ ಫಲಕದಲ್ಲಿ ಇಂಪ್ಲಾಂಟ್ ತಜ್ಞ ಎಂದು ಬರೆಸುತ್ತಾರೆ. ಇನ್ನೂ ಒಂದು ಮಾತು. ಇಂಪ್ಲಾಂಟ್ ಉಳಿಯುವುದು ಬೇರೆ, ಆರೋಗ್ಯವಾಗಿರುವುದು ಬೇರೆ. ಇಂಪ್ಲಾಂಟಿನ ಸುತ್ತ ವಸಡು ಕೀವುಗಟ್ಟಿ ಮೂಳೆ ತಿನ್ನುವ ರೋಗ ಐದು ರೋಗಿಗಳಲ್ಲಿ ಒಬ್ಬರಿಗೆ ಕಾಣಿಸುತ್ತದೆ ಎಂದು 2015ರ ಪರಿಶೀಲನೆ ಅಂದಾಜಿಸಿದೆ. ಸ್ವಂತ ಹಲ್ಲನ್ನು ಉಜ್ಜಿ ಉಳಿಸಿಕೊಳ್ಳದವರು ಇಂಪ್ಲಾಂಟನ್ನು ಉಳಿಸಿಕೊಳ್ಳುವುದು ಕಷ್ಟ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಿಗೆ, ದಿನಕ್ಕೊಂದು ಪ್ಯಾಕ್ ಸೇದುವವರಿಗೆ ಇದು ಇನ್ನೂ ಕಷ್ಟ.

ಸೈನಸ್ ಲಿಫ್ಟ್ ನಿಜಕ್ಕೂ ಬೇಕಾದವರು ಇದ್ದಾರೆ. ಮೇಲಿನ ಮುಂದವಡೆಗಳೂ ದವಡೆಗಳೂ ಹೋಗಿ, ಎರಡು ಮೂರು ಮಿಲಿಮೀಟರ್ ಮೂಳೆ ಉಳಿದು, ತೆಗೆದು ಹಾಕುವ ಹಲ್ಲನ್ನು ಪ್ರಯತ್ನಿಸಿಯೂ ಒಗ್ಗದ, ಸಿಗರೇಟು ಬಿಟ್ಟ, ಆರೋಗ್ಯವಂತ ನಲವತ್ತು ವರ್ಷದವರಿಗೆ ನಾನೇ ಅದನ್ನು ಮಾಡಿಸಿಕೊಳ್ಳಿ ಎನ್ನುತ್ತೇನೆ. ಅಪಘಾತದಲ್ಲಿ ದವಡೆ ಕಳೆದುಕೊಂಡವರಿಗೂ ಅಷ್ಟೇ.

ಆದರೆ ಇಷ್ಟು ಜನರ ಮೇಲ್ದವಡೆಯಲ್ಲಿ ಈ ಖಾಲಿ ಜಾಗ ಹುಟ್ಟಿದ್ದು ಹೇಗೆ? ಇದರ ಬಗ್ಗೆ ಯಾವ ಜಾಹೀರಾತೂ ಮಾತಾಡುವುದಿಲ್ಲ. ಮೊದಲ ದವಡೆಹಲ್ಲು ಆರನೇ ವಯಸ್ಸಿನಲ್ಲಿ ಮೂಡುತ್ತದೆ, ಹಾಲುಹಲ್ಲುಗಳ ಹಿಂದೆ ಸದ್ದಿಲ್ಲದೆ. ಮನೆಯವರು ಅದನ್ನೂ ಹಾಲುಹಲ್ಲೆಂದೇ ತಿಳಿದು ಬಿಟ್ಟುಬಿಡುತ್ತಾರೆ. ಬಾಯಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಲ ಇರುವ, ಹೆಚ್ಚು ಹುಳುಕಾಗುವ ಶಾಶ್ವತ ಹಲ್ಲುಗಳಲ್ಲಿ ಅದೊಂದು. ಮೂವತ್ತರ ಹೊತ್ತಿಗೆ ಅದು ನೋಯತೊಡಗುತ್ತದೆ. ಆಗ ರೂಟ್ ಕೆನಾಲ್ ಮಾಡಿದರೆ ಹಲ್ಲು ಉಳಿಯುತ್ತದೆ, ಮೂಳೆಯೂ ಉಳಿಯುತ್ತದೆ, ಸೈನಸ್ಸಿನ ಪ್ರಶ್ನೆಯೇ ಏಳುವುದಿಲ್ಲ. ಚೆನ್ನಾಗಿ ಮಾಡಿದ ರೂಟ್ ಕೆನಾಲಿಗೂ ಇಂಪ್ಲಾಂಟಿಗೂ ಬಾಳಿಕೆಯಲ್ಲಿ ದೊಡ್ಡ ವ್ಯತ್ಯಾಸವಿಲ್ಲ ಎಂಬುದು ಹೋಲಿಕೆ ಮಾಡಿದ ಅಧ್ಯಯನಗಳ ಒಟ್ಟು ಅಭಿಪ್ರಾಯ. ಮೇಲಿನ ಮೊದಲ ದವಡೆಹಲ್ಲಿಗೆ ಮೂರು ಬೇರು, ಆದರೆ ನಾಳಗಳು ಹಲವು ಸಲ ನಾಲ್ಕು. ಕೆನ್ನೆಯ ಕಡೆಯ ಮುಂದಿನ ಬೇರಿನಲ್ಲಿ ಅಡಗಿರುವ ಆ ನಾಲ್ಕನೆಯ ಸಣ್ಣ ನಾಳ ಕಣ್ತಪ್ಪಿದರೆ, ವರ್ಷದೊಳಗೆ ಮತ್ತೆ ಬಾವು. ಆಗ ಸೂಕ್ಷ್ಮದರ್ಶಕದ ಕೆಳಗೆ ಅದನ್ನು ಹುಡುಕಿ ಮತ್ತೊಮ್ಮೆ ಶುದ್ಧ ಮಾಡಬಹುದು. ನಮ್ಮಲ್ಲಿ ಆಗುವುದೇನು? “ರೂಟ್ ಕೆನಾಲ್ ಫೇಲ್ ಆಗಿದೆ, ಕಿತ್ತು ಇಂಪ್ಲಾಂಟ್ ಹಾಕಿಬಿಡೋಣ” ಎನ್ನುತ್ತಾರೆ. ಉಳಿಸಬಹುದಾದ ಹಲ್ಲನ್ನು ಕಿತ್ತು, ಕಿತ್ತದ್ದರಿಂದ ಹೋದ ಮೂಳೆಗೆ ಮತ್ತೆ ದುಡ್ಡು ಕೇಳುವ ಈ ಸರಪಳಿಯನ್ನು ನಾನು ಖಂಡಿಸುತ್ತೇನೆ.

ಪೀಣ್ಯದ ಕಾರ್ಮಿಕನಿಗೆ ಅಷ್ಟು ಆಯ್ಕೆಯೂ ಇಲ್ಲ. 2017ರ ಜನವರಿಯಿಂದ ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದವರು ಕಾರ್ಮಿಕರ ರಾಜ್ಯ ವಿಮೆ, ಅಂದರೆ ಇಎಸ್‌ಐ ವ್ಯಾಪ್ತಿಯಲ್ಲಿದ್ದಾರೆ. ಪೀಣ್ಯದಲ್ಲೂ ರಾಜಾಜಿನಗರದಲ್ಲೂ ಇಎಸ್‌ಐ ಆಸ್ಪತ್ರೆಗಳಿವೆ. ಆದರೆ ಹೊರರೋಗಿ ವಿಭಾಗ ನಡೆಯುವುದು ಹಗಲು, ಅವನ ಪಾಳಿಯೂ ಹಗಲು. ರೂಟ್ ಕೆನಾಲಿಗೆ ಎರಡು ಮೂರು ಸಲ ಹೋಗಬೇಕು. ಇಎಸ್‌ಐ ಅನಾರೋಗ್ಯ ಭತ್ಯೆಯಲ್ಲಿ ಮೊದಲ ಎರಡು ದಿನಕ್ಕೆ ಏನೂ ಸಿಗುವುದಿಲ್ಲ. ಹಲ್ಲುನೋವಿನ ಅರ್ಧ ದಿನಗಳು ಅದರಲ್ಲಿ ಬರುವುದೇ ಇಲ್ಲ. ಕೀಳಿಸಿದರೆ ಒಂದೇ ಸಲಕ್ಕೆ ಮುಗಿಯುತ್ತದೆ. ಅವನು ಕೀಳಿಸುತ್ತಾನೆ. ಹತ್ತು ವರ್ಷದ ಮೇಲೆ, ಸ್ವಲ್ಪ ಸಂಬಳ ಏರಿ ಇಎಸ್‌ಐ ಮಿತಿ ದಾಟಿದಾಗ, ಯಾವುದೋ ಕ್ಲಿನಿಕ್ಕಿನಲ್ಲಿ ಕುಳಿತು “ಬೋನ್ ಸಾಲಲ್ಲ” ಎಂದು ಕೇಳಿಸಿಕೊಳ್ಳುತ್ತಾನೆ. ಎರಡು ಇಂಪ್ಲಾಂಟ್, ಸೈನಸ್ ಲಿಫ್ಟ್, ಎರಡು ಕ್ಯಾಪ್ ಸೇರಿದರೆ ಬೆಂಗಳೂರಿನ ಖಾಸಗಿ ಕ್ಲಿನಿಕ್ಕುಗಳಲ್ಲಿ ಲಕ್ಷ ದಾಟುವುದು ಸಾಮಾನ್ಯ. ಐಟಿ ಕಂಪನಿಗಳ ಗುಂಪು ವಿಮೆಯೂ ಬಹುತೇಕ ಅಪಘಾತವಲ್ಲದ ಹಲ್ಲಿನ ಖರ್ಚನ್ನು ಹೊರಗಿಡುತ್ತದೆ. ಹಾಗಾಗಿ ಎರಡೂ ಕಡೆ ಗೆಲ್ಲುವುದು ಕಂತಿನ ಸಾಲ. ಸರ್ಕಾರ 2014-15ರಲ್ಲಿ ದಂತಭಾಗ್ಯ ಯೋಜನೆ ತಂದು ಬಡ ಹಿರಿಯರಿಗೆ ಉಚಿತ ದಂತಪಂಕ್ತಿ ಕೊಟ್ಟಿತು. ಒಳ್ಳೆಯ ಕೆಲಸ. ಆದರೆ ಅದು ಎಲ್ಲ ಹಲ್ಲೂ ಹೋದ ಮೇಲಿನ ನೆರವು. ಮೂವತ್ತರ ವಯಸ್ಸಿನಲ್ಲಿ ಒಂದು ದವಡೆಹಲ್ಲನ್ನು ಉಳಿಸುವುದಕ್ಕೆ ಅಂಥ ಯೋಜನೆ ಯಾವುದೂ ಈ ಕೈಗಾರಿಕಾ ಪಟ್ಟಿಗಳಲ್ಲಿ ಕಾಣುವುದಿಲ್ಲ.

ಓದುಗರಲ್ಲಿ ನನ್ನ ಕೋರಿಕೆ ಇಷ್ಟು. ಸೈನಸ್ ಲಿಫ್ಟ್ ಬೇಕೆಂದು ಹೇಳಿದರೆ ಅಂದು ಹಣ ಕಟ್ಟಬೇಡಿ. ದವಡೆಯ ಮೂರು ಆಯಾಮದ ಸಿಬಿಸಿಟಿ ಸ್ಕ್ಯಾನ್ ಮಾಡಿಸಿದ್ದರೆ ಅದರ ಪ್ರತಿ ಕೇಳಿ ಪಡೆಯಿರಿ, ಉಳಿದ ಮೂಳೆ ಎಷ್ಟು ಮಿಲಿಮೀಟರ್ ಎಂದು ಬರೆಸಿಕೊಳ್ಳಿ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಹಲ್ಲಿನ ಕ್ಲಿನಿಕ್ಕುಗಳಿಗೂ ಅನ್ವಯಿಸುತ್ತದೆ, ದರಪಟ್ಟಿ ಎಲ್ಲರಿಗೂ ಕಾಣುವಂತೆ ಹಾಕಿರಬೇಕು. ಗಿಡ್ಡ ಇಂಪ್ಲಾಂಟ್ ಯಾಕಾಗದು, ಬ್ರಿಡ್ಜ್ ಯಾಕಾಗದು, ಹಾಗೇ ಬಿಟ್ಟರೆ ನನ್ನ ಬಾಯಲ್ಲಿ ಏನಾಗುತ್ತದೆ ಎಂದು ಕೇಳಿ. ಆಮೇಲೆ ಆ ಸ್ಕ್ಯಾನ್ ಹಿಡಿದು ಕಲಿಸುವ ಆಸ್ಪತ್ರೆಯೊಂದಕ್ಕೆ ಹೋಗಿ. ಕೋಟೆ ಬಳಿ 1958ರಿಂದ ಸರ್ಕಾರಿ ದಂತ ಕಾಲೇಜಿದೆ, ವೈಟ್‌ಫೀಲ್ಡಿನಲ್ಲಿ ವೈದೇಹಿ, ಹೊಸೂರು ರಸ್ತೆಯ ಬೊಮ್ಮನಹಳ್ಳಿಯಲ್ಲಿ ಆಕ್ಸ್‌ಫರ್ಡ್, ಪೀಣ್ಯದ ಕಡೆಯವರಿಗೆ ಮತ್ತಿಕೆರೆಯ ಹತ್ತಿರ ರಾಮಯ್ಯ. ಅಲ್ಲಿ ಇನ್ನೊಂದು ಅಭಿಪ್ರಾಯ ಪಡೆದು ನಿರ್ಧರಿಸಿ.

ಇಎಸ್‌ಐ ನಿಗಮವೂ ರಾಜ್ಯದ ಕಾರ್ಮಿಕ ಇಲಾಖೆಯೂ ಪೀಣ್ಯ, ಬೊಮ್ಮಸಂದ್ರ ಮತ್ತು ವೈಟ್‌ಫೀಲ್ಡಿನಲ್ಲಿ ಸಂಜೆ ಆರರಿಂದ ರಾತ್ರಿ ಒಂಬತ್ತರವರೆಗೆ, ಭಾನುವಾರವೂ ಸೇರಿ, ರೂಟ್ ಕೆನಾಲ್ ಮಾಡುವ ದಂತ ಚಿಕಿತ್ಸಾ ಘಟಕಗಳನ್ನು ತೆರೆಯಲಿ. ಕುರ್ಚಿ, ಎಕ್ಸ್‌ರೇ ಯಂತ್ರ, ಪಾಳಿಯ ಮೇಲೆ ಇಬ್ಬರು ದಂತವೈದ್ಯರು, ಒಬ್ಬ ಸಹಾಯಕಿ ಇದ್ದರೆ ಒಂದು ಘಟಕ ನಡೆಯುತ್ತದೆ. ವರ್ಷವರ್ಷ ಕಾಲೇಜುಗಳಿಂದ ಹೊರಬರುವ ದಂತವೈದ್ಯರಿಗೆ ಕೆಲಸವೂ ಆಗುತ್ತದೆ. ಕಾರ್ಮಿಕ ಸಂಘಗಳು ಮುಂದಿನ ವೇತನ ಒಪ್ಪಂದದ ಬೇಡಿಕೆಪಟ್ಟಿಯಲ್ಲಿ ಇದನ್ನು ಸೇರಿಸಬೇಕು.